ಐರ್ಲೆಂಡಿನಲ್ಲಿ ಅರಿಶಿನ ಹಚ್ಚಿದ ಟರ್ಕಿ ಕೋಳಿ

ಕೊರಟಗೆರೆಗಿಂತ ಚಿಕ್ಕ ಊರು

ಐರ್ಲೆಂಡಿಗೆ ಹೋಗಿ ಬಂದವಳು ಸಮುದ್ರದ ಬಗ್ಗೆ ಹೇಳಬೇಕು, ಹಸಿರು ಗುಡ್ಡಗಳ ಬಗ್ಗೆ ಹೇಳಬೇಕು. ಮಧುಗಿರಿಯಲ್ಲಿ ಸಿಕ್ಕಿದವರೆಲ್ಲ ಕೇಳುವುದೂ ಅದನ್ನೇ. ನಾನು ಸಮುದ್ರ ನೋಡಿದ್ದು ನಿಜ, ಗುಡ್ಡ ನೋಡಿದ್ದೂ ನಿಜ. ಆದರೆ ಕಣ್ಣು ಮುಚ್ಚಿದರೆ ಈಗಲೂ ಎದುರಿಗೆ ಬರುವುದು ಒಂದು ಓವನ್ನಿನ ಗಾಜಿನ ಬಾಗಿಲು. ಅದರ ಹಿಂದೆ ಒಂದು ಕೋಳಿ. ಬಡವನಹಳ್ಳಿ ಸಂತೆಗೆ ತಂದು ಇಳಿಸಿದರೆ ಜನ ಚೌಕಾಸಿ ಮರೆತು ಸುತ್ತ ನಿಂತು ನೋಡುವಷ್ಟು ದೊಡ್ಡ ಟರ್ಕಿ ಕೋಳಿ.

ನಾನು ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹೆಸರು ಜಯಲಕ್ಷ್ಮಿ. ತವರು ಮಿಡಿಗೇಶಿ, ಮನೆ ಮಧುಗಿರಿಯಲ್ಲಿ. ಸ್ವಭಾವತಃ ಪುಕ್ಕಲಿ. ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ಜಾತಿ. ಇಂಥವಳನ್ನು ವಿಮಾನ ಹತ್ತಿಸಿದ್ದು ನನ್ನ ಚಿಕ್ಕಮ್ಮನ ಮಗಳು ಸುನಂದ. ಅವಳು ಐರ್ಲೆಂಡಿನ ಪಶ್ಚಿಮದಂಚಿನ ಒಂದು ಊರಿನಲ್ಲಿ ನರ್ಸು. ಅವಳ ಗಂಡ ಓಬಳೇಶ ಪಾವಗಡ ತಾಲ್ಲೂಕಿನ ತಿರುಮಣಿಯವನು. ಅಲ್ಲೇ ಒಂದು ವೃದ್ಧಾಶ್ರಮದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಅವನದು. ಊರಿನಲ್ಲಿ ಇವನ ಹೊಲದ ತುಂಬ ಈಗ ಸೋಲಾರ್ ಫಲಕಗಳು ಬಿಸಿಲು ಕುಡಿಯುತ್ತ ಮಲಗಿವೆ. ಇವನು ಮಾತ್ರ ಬಿಸಿಲೇ ಇಲ್ಲದ ದೇಶಕ್ಕೆ ಬಂದು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಓಡಾಡುತ್ತಾನೆ.

ಊರು ಕೊರಟಗೆರೆಗಿಂತ ಚಿಕ್ಕದು. ಮಧುಗಿರಿಯಲ್ಲಿ ಎಲ್ಲಿ ನಿಂತರೂ ಬೆಟ್ಟ ಕಾಣುತ್ತದೆ, ದಾರಿ ತಪ್ಪಿದರೆ ಅದನ್ನು ನೋಡಿ ಸರಿಮಾಡಿಕೊಳ್ಳಬಹುದು. ಅಲ್ಲಿ ಮಂಜಿನಲ್ಲಿ ಎದುರು ಮನೆಯೂ ಕಾಣುವುದಿಲ್ಲ. ಜನ ಮಾತ್ರ ಬಹಳ ಒಳ್ಳೆಯವರು. ನಾನು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಇನ್ನೊಂದು ಅಭ್ಯಾಸ, ಎಲ್ಲದಕ್ಕೂ ‘ಗ್ರ್ಯಾಂಡ್’ ಅನ್ನುತ್ತಾರೆ. ಮಳೆ ಬಂದರೂ ಗ್ರ್ಯಾಂಡ್, ಬಸ್ಸು ತಪ್ಪಿದರೂ ಗ್ರ್ಯಾಂಡ್. ನಮ್ಮಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಮಂಡಿನೋವಿನಿಂದ ಶುರುವಾಗಿ ಸೊಸೆಯ ತನಕ ಹೋಗುತ್ತದೆ. ಅಲ್ಲಿ ಅದೇ ಪ್ರಶ್ನೆಗೆ ಒಂದೇ ಪದ.

ಪಕ್ಕದ ಮನೆಯ ಟಾಮ್ ಈ ಪದದ ದೊಡ್ಡ ಭಕ್ತರು. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಗಂಟಲಿನ ಕಾಯಿಲೆಗೆ ದೊಡ್ಡ ಚಿಕಿತ್ಸೆ ಮುಗಿಸಿ, ತೂಕವೆಲ್ಲ ಇಳಿದು, ವರ್ಷದಿಂದ ಗಂಜಿಯಂಥದ್ದನ್ನೇ ಕುಡಿದುಕೊಂಡಿದ್ದರು. ಅವರೂ ಹರಕು ಧ್ವನಿಯಲ್ಲಿ ಗ್ರ್ಯಾಂಡ್ ಅಂತಲೇ ಅನ್ನುತ್ತಿದ್ದರು. ನಾನು ಅಲ್ಲಿಗೆ ಹೋದ ವಾರವೇ ಖಾರ ಹಾಕದೆ ಕೋಳಿಸಾರು ಮಾಡಿ, ತಿಳಿ ಬಸಿದು ಅವರ ಮನೆಗೆ ಕೊಟ್ಟೆ. ಬಟ್ಟಲು ಖಾಲಿಯಾಗಿ ಬಂತು. ಸುನಂದ ಬಾಯಿ ಸುಮ್ಮನಿರಬೇಕಲ್ಲ. "ನಮ್ಮಕ್ಕನಿಗೆ ರೆಕ್ಕೆ ಇರೋದು ಏನ್ ಕೊಟ್ರೂ ಅಡುಗೆ ಮಾಡ್ತಾಳೆ" ಎಂದು ಟಾಮ್ ಹೆಂಡತಿ ನೋರಾ ಎದುರಿಗೆ ಹೇಳಿಬಿಟ್ಟಳು. ನನಗೆ ಆಗ ಹೆಮ್ಮೆಯೇ ಆಯಿತು. ಆ ಹೆಮ್ಮೆ ಎಷ್ಟು ದಿನ ನಿದ್ದೆ ಕೆಡಿಸುತ್ತದೆ ಎಂಬುದು ಗೊತ್ತಿರಲಿಲ್ಲ.

ನೋರಾ ಮನೆಯ ಫ್ರೀಜರ್

ಕ್ರಿಸ್‌ಮಸ್ ಹತ್ತಿರವಿರುವಾಗ ನೋರಾ ಹಿತ್ತಲ ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿದು ಮೊಣಕೈವರೆಗೆ ಪ್ಲಾಸ್ಟರು. ನೋಡಲು ಹೋದರೆ ಆ ಹೆಂಗಸು ನೋವಿನ ಮಾತೇ ಆಡಲಿಲ್ಲ. ನೇರ ಫ್ರೀಜರಿನ ಬಾಗಿಲು ತೆಗೆದು ತೋರಿಸಿದರು. ಒಳಗೆ ಬಿಳೀ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಟರ್ಕಿ.

"ಈ ಸಲ ಟರ್ಕಿ ತಿಂತೀನಿ ಅಂತ ಟಾಮ್ ಬೇಸಿಗೆಯಿಂದ ಹೇಳ್ತಿದ್ದಾನೆ," ಎಂದರು ನೋರಾ. "ಡಾಕ್ಟರೂ ಮೆತ್ತಗಿದ್ರೆ ಸ್ವಲ್ಪ ಕೊಟ್ಟು ನೋಡಿ ಅಂದಿದ್ದಾರೆ. ಒಂದು ಕೈಯಲ್ಲಿ ನಾನು ಇದನ್ನ ಎತ್ತೋಕೂ ಆಗಲ್ಲ. ನೀನು ಮಾಡ್ತೀಯಾ, ಜಯಾ?"

ಆಗುವುದಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಕೋಳಿಯನ್ನು ತಟ್ಟಿ ನೋಡಿದೆ. ಕಲ್ಲು ತಟ್ಟಿದ ಹಾಗೆ ಸದ್ದು ಬಂತು. ಇದು ಸತ್ತು ಎಷ್ಟು ತಿಂಗಳಾಗಿರಬಹುದು ಎಂದು ಯೋಚಿಸಿದೆ. ನಮ್ಮಲ್ಲಿ ಕೋಳಿ ಕೊಳ್ಳುವುದು ಎಂದರೆ ಅದರ ಜುಟ್ಟಿನ ಬಣ್ಣ ನೋಡಿ, ರೆಕ್ಕೆ ಬಿಡಿಸಿ, ಎದೆ ಹಿಡಿದು ತೂಗಿ, ಕಣ್ಣೆದುರಿಗೆ ಕೊಯ್ಯಿಸಿ ತರುವುದು. ಫ್ರಿಜ್ಜಿನ ಮಾಂಸ ನೆಂಟರಿಗೆ ಬಡಿಸಿದರೆ ಮಿಡಿಗೇಶಿಯಲ್ಲಿ ಮೂರು ತಲೆಮಾರು ಮಾತಾಡಿಕೊಳ್ಳುತ್ತಾರೆ.

ಸಂಜೆ ಓಬಳೇಶನಿಗೆ ಹೇಳಿದೆ. ಅವನು ಯಾವುದಕ್ಕೂ ಗಾಬರಿ ಆಗುವವನಲ್ಲ. ಪಾವಗಡದ ಕಡೆಯವನಾದ್ದರಿಂದ ಮಾತಿನ ನಡುವೆ ತೆಲುಗು ನುಸುಳುತ್ತದೆ. "ಏಂ ಕಾದು ಅತ್ತಿಗೆ, ಏನೂ ಆಗಲ್ಲ. ಹೀಟರ್ ಪಕ್ಕ ಇಟ್ಬುಡಿ, ಬೆಳಗಾಗೋದ್ರಲ್ಲಿ ಕರಗ್ತದೆ. ನಮ್ ತಿರುಮಣಿಯಾಗಿದ್ರೆ ಸೋಲಾರ್ ಪ್ಲೇಟ್ ಮೇಲೆ ಇಟ್ರೆ ಬೆಂದೇಬಿಡೋದು!"

ಡ್ಯೂಟಿ ಮುಗಿಸಿ ಬಂದ ಸುನಂದ ಬಾಗಿಲಲ್ಲೇ ನಿಂತು ಕೂಗಿದಳು. "ಹೀಟರ್ ಪಕ್ಕನಾ? ನಿಂಗೇನ್ ತಲೆ ಕೆಟ್ಟೈತಾ? ಹೊರಗೆ ಇಟ್ರೆ ಮೇಲೆ ಬೆಚ್ಚಗಾಗಿ ಹುಳ ಎದ್ಕೊಳ್ತವೆ, ಒಳಗೆ ಇನ್ನೂ ಕಲ್ಲಾಗಿರ್ತದೆ. ಫ್ರಿಜ್ಜಿನ ಕೆಳಗಿನ ಖಾನೇಲಿ, ಅಡಿಗೊಂದು ಟ್ರೇ ಇಟ್ಟು, ಅಲ್ಲೇ ನಿಧಾನವಾಗಿ ಕರಗಬೇಕು. ಮೂರು ದಿನ ಆದ್ರೂ ಆಗ್ಲಿ."

ಆಮೇಲೆ ನನ್ನ ಪಕ್ಕ ಕೂತು ದನಿ ಇಳಿಸಿದಳು. ಹುಡುಗಿಯಾಗಿದ್ದಾಗಿನಿಂದಲೂ ಹೆದರಿಸುವ ಮಾತನ್ನು ಅವಳು ಹೀಗೆಯೇ ಮೆಲ್ಲಗೆ ಹೇಳುವುದು.

"ಅಕ್ಕಾ, ಟಾಮ್‌ಗೆ ಮೈಯಲ್ಲಿ ಕಾಯಿಲೆ ತಡ್ಕೊಳೋ ಶಕ್ತಿ ಇಲ್ಲ. ಅರೆಬರೆ ಬೆಂದಿದ್ದು ತಿಂದ್ರೆ ನಮಗೆ ಒಂದಿನ ಹೊಟ್ಟೆನೋವು, ಅವರಿಗೆ ಆಸ್ಪತ್ರೆ. ಅಂಗಂತ ಒಣಗಿಸಿಬುಟ್ರೆ ಅದೂ ಕಷ್ಟ. ಅವರ ಬಾಯಲ್ಲಿ ಎಂಜಲು ಊರೋದೇ ಇಲ್ಲ. ಒಣಕಲು ಮಾಂಸ ಗಂಟ್ಲಲ್ಲಿ ಸಿಕ್ಕಾಕ್ಕೊಳ್ತದೆ. ಒಂದ್ಸಲ ಅಂಗಾದ್ರೆ ಹೆದರಿ ಇನ್ಮೇಲೆ ತಿನ್ನೋದನ್ನೇ ಬುಟ್ಬುಡ್ತಾರೆ."

ಅಂದರೆ ಪೂರ್ತಿ ಬೇಯಬೇಕು, ಆದರೆ ರಸ ಆರಬಾರದು. ಎರಡರ ನಡುವೆ ನಾನು. ನಾನು ಜೀವಮಾನವೆಲ್ಲ ಕೋಳಿ ಬೇಯಿಸಿದ್ದು ಸಾರಿನಲ್ಲಿ. ಸಾರಿನಲ್ಲಿ ಹೆಚ್ಚು ಬೆಂದರೂ ಮುದ್ದೆಯ ಜೊತೆ ಜಾರಿಕೊಂಡು ಹೋಗುತ್ತದೆ, ಯಾರೂ ಕೇಳುವುದಿಲ್ಲ. ಇಲ್ಲಿ ಸಾರೂ ಇಲ್ಲ, ಮುದ್ದೆಯೂ ಇಲ್ಲ. ಪಕ್ಕದ ಮನೆಯವರ ಜೀವ, ಸುನಂದಳ ಮಾನ, ನನ್ನ ವೀಸಾ ಎಲ್ಲವೂ ಒಂದು ಹೆಪ್ಪುಗಟ್ಟಿದ ಕೋಳಿಯ ಮೇಲೆ ನಿಂತಿವೆ ಎಂದು ಅನಿಸಿತು. ವೀಸಾಕ್ಕೂ ಕೋಳಿಗೂ ಏನು ಸಂಬಂಧ ಎಂದು ಓಬಳೇಶ ಕೇಳಿದ. ಭಯಕ್ಕೆ ಸಂಬಂಧ ಬೇಕಾಗುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲ.

ಹಬ್ಬದ ಹಿಂದಿನ ದಿನ

ದಿನಕ್ಕೆ ನಾಲ್ಕು ಸಲ ನೋರಾ ಮನೆಗೆ ಹೋಗಿ ಫ್ರಿಜ್ಜಿನಲ್ಲಿ ಕೋಳಿಯನ್ನು ಒತ್ತಿ ನೋಡಿ ಬರುತ್ತಿದ್ದೆ. ಹಬ್ಬದ ಹಿಂದಿನ ದಿನ ಅದು ಕೊನೆಗೂ ಮೆತ್ತಗಾಗಿತ್ತು. ಹೊಟ್ಟೆಯೊಳಗೆ ಕೈ ಹಾಕಿದರೆ ಮಂಜಿನ ಚೂರೂ ಇರಲಿಲ್ಲ. ಅಭ್ಯಾಸಬಲ, ಎರಡೂ ಕೈಯಲ್ಲಿ ಎತ್ತಿ ನೇರ ಸಿಂಕಿನ ಹತ್ತಿರ ಹೋದೆ.

"ನಲ್ಲಿ ಮುಟ್ಟಬೇಡ!" ಕುರ್ಚಿಯಲ್ಲಿ ಕೂತಿದ್ದ ನೋರಾ ಎದ್ದೇ ನಿಂತರು.

ನಾನು ಹಾಗೇ ನಿಂತುಬಿಟ್ಟೆ. ಮಾಂಸ ತೊಳೆಯಬೇಡ ಎಂದು ನನಗೆ ಯಾರೂ ಜನ್ಮದಲ್ಲಿ ಹೇಳಿರಲಿಲ್ಲ. ನೀರು ಬಿದ್ದು ಸಿಡಿದರೆ ಕೋಳಿಯ ಮೇಲಿನ ಕ್ರಿಮಿಗಳು ಸಿಂಕು, ತಟ್ಟೆ, ಪಕ್ಕದ ಲೋಟ ಎಲ್ಲದರ ಮೇಲೂ ಕೂರುತ್ತವೆ, ಓವನ್ನಿನ ಬಿಸಿ ಅವನ್ನು ಹೇಗೂ ಕೊಲ್ಲುತ್ತದೆ, ತೊಳೆಯುವುದೇಕೆ ಎಂದು ಅವರು ವಿವರಿಸಿದರು. ವಿಜ್ಞಾನದ ಮೇಡಂ ಆಗಿ ಒಪ್ಪಿಕೊಂಡೆ. ಮಿಡಿಗೇಶಿಯ ಮಗಳಾಗಿ ಒಪ್ಪಲಾಗಲಿಲ್ಲ. ಕಾಗದದಲ್ಲಿ ಒತ್ತಿ ಒರೆಸಿ ಟ್ರೇನಲ್ಲಿ ಇಟ್ಟು ಕೈ ಮಾತ್ರ ಸೋಪು ಹಚ್ಚಿ ಮೂರು ಸಲ ತೊಳೆದೆ.

ಅದೇ ಹೊತ್ತಿಗೆ ಸುನಂದಳ ಅಮ್ಮ, ನನ್ನ ಚಿಕ್ಕಮ್ಮ, ಊರಿನಿಂದ ವಿಡಿಯೋ ಕಾಲ್ ಮಾಡಿದರು. ಮೊಬೈಲು ತಿರುಗಿಸಿ ಕೋಳಿ ತೋರಿಸಿದೆ.

"ಇದೇನ್ ಕೋಳಿನೋ ಕುರಿಮರಿನೋ! ಕೆಂಡದಾಗೆ ಸುಟ್ರಾ?"

"ಇಲ್ಲ ಚಿಕ್ಕಮ್ಮ. ಪುಕ್ಕ ಎಲ್ಲ ಕಿತ್ತೇ ಮಾರ್ತಾರೆ."

"ಅರಿಶಿನ ಹಚ್ಚಿ ಎಷ್ಟ್ ನೀರಾಗೆ ತೊಳ್ದೆ?"

"ಇಲ್ಲಿ ತೊಳೆಯಲ್ಲ."

ಚಿಕ್ಕಮ್ಮ ಮೊಬೈಲಿಗೆ ಮುಖ ತೀರ ಹತ್ತಿರ ತಂದರು. "ತೊಳೀದೇ ತಿಂತಾರಾ? ಅಯ್ಯೋ ಶಿವನೇ! ಅದ್ಕೇ ಕಣಮ್ಮ ಆ ವಯ್ಯನ ಗಂಟ್ಲು ಅಂಗಾಗಿರಾದು. ನೀನು ಓದ್ದೋಳು, ಅವ್ರು ಹೇಳ್ದಂಗೆ ಕುಣೀಬೇಡ. ಒಂದ್ ಚಿಟಿಕೆ ಅರಿಶಿನನಾದ್ರೂ ಹಚ್ಚು. ನಮ್ ಮನೆ ಹೆಣ್ಮಗ್ಳು ಹಸೀ ಮಾಂಸಕ್ಕೆ ಅರಿಶಿನ ಹಚ್ಚದೇ ಒಲೆ ಮೇಲಿಟ್ಲು ಅಂದ್ರೆ ನಂಗೆ ಇವತ್ತು ಅನ್ನ ಇಳಿಯಾಕಿಲ್ಲ."

ನೋರಾ ನಗುತ್ತ, ಫೋನಿನಲ್ಲಿ ಯಾರು ಬೈಯುತ್ತಿರುವುದು ಎಂದು ಕೇಳಿದರು. ಚಿಕ್ಕಮ್ಮ ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾರೆ ಎಂದೆ.

ಶಿರಾದ ಸ್ನೇಹಿತೆಯ ಮಗಳ ಮದುವೆಯಲ್ಲಿ ಒಮ್ಮೆ ಹೊಟ್ಟೆಯೊಳಗೆ ಅನ್ನ, ಮೊಟ್ಟೆ ತುಂಬಿದ ಇಡೀ ಕೋಳಿ ತಿಂದಿದ್ದೆ. ಈ ದೊಡ್ಡ ಹೊಟ್ಟೆಯನ್ನು ಖಾಲಿ ಬಿಡಬೇಕಲ್ಲ ಎಂದು ಅದನ್ನು ಹೇಳಿದಾಗ ನೋರಾ ಅದಕ್ಕೂ ಬೇಡವೆಂದು ತಲೆ ಆಡಿಸಿಬಿಟ್ಟರು. ಒಳಗೆ ತುಂಬಿದರೆ ಹೊರಗೆ ಬೆಂದು ನಡುವೆ ಬಿಸಿ ತಲುಪುವುದಿಲ್ಲ, ಟಾಮ್ ಇರುವಾಗ ಬೇಡ, ತುಂಬುವುದನ್ನು ಬೇರೆ ಪಾತ್ರೆಯಲ್ಲಿ ಬೇಯಿಸೋಣ ಎಂದರು. ಉಪ್ಪನ್ನು ಮಾತ್ರ ಧಾರಾಳವಾಗಿ ಉಜ್ಜಲು ಹೇಳಿದರು. ಹಿಂದಿನ ದಿನವೇ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮಾಂಸ ತನ್ನ ನೀರನ್ನು ತಾನೇ ಹಿಡಿದುಕೊಳ್ಳುತ್ತದಂತೆ. ನಮ್ಮಲ್ಲಿ ಮಾಂಸಕ್ಕೆ ಉಪ್ಪು ಹಚ್ಚಿ ಹಗ್ಗಕ್ಕೆ ನೇತು ಹಾಕುವುದು ಅದು ಒಣಗಲಿ ಎಂದು. ಇಲ್ಲಿ ಒಣಗದಿರಲಿ ಎಂದು. ಇದನ್ನು ನಂಬಿ ಉಜ್ಜುವಾಗ ನನ್ನ ಕೈ ಹಿಂಜರಿಯಿತು.

ಸಂಜೆ ನೋರಾ, ಟಾಮ್ ಇಬ್ಬರೂ ಚರ್ಚಿಗೆ ಹೋದರು. ಕೋಳಿಯ ಚರ್ಮದಡಿಗೆ ಬೆಣ್ಣೆ ಸವರುವುದೊಂದು ಬಾಕಿಯಿತ್ತು. ಅಡುಗೆಮನೆಯಲ್ಲಿ ನಾನು, ಅದು, ಇಬ್ಬರೇ. ಸುಡದ, ತೊಳೆಯದ ಬೆತ್ತಲೆ ಕೋಳಿ. ಚಿಕ್ಕಮ್ಮ ಊಟ ಮಾಡಿದರೋ ಇಲ್ಲವೋ. ಬ್ಯಾಗಿನಲ್ಲಿ ಮಧುಗಿರಿಯಿಂದ ತಂದ ಅರಿಶಿನದ ಡಬ್ಬಿ ಇತ್ತು. ಬೆಣ್ಣೆಗೆ ಒಂದು ಚಿಟಿಕೆ ಅಂದುಕೊಂಡೆ. ಅಷ್ಟು ದೊಡ್ಡ ಮೈಗೆ ಒಂದು ಚಿಟಿಕೆ ಎಲ್ಲಿ ಸಾಲುತ್ತದೆ? ಇನ್ನೊಂದು ಹಾಕಿದೆ. ಆಮೇಲೆ ಚಮಚವೇ ತೆಗೆದುಕೊಂಡೆ. ಎದೆ, ತೊಡೆ, ಸಂದು ಗೊಂದು ಎಲ್ಲ ಬಿಡದೆ ತಿಕ್ಕಿ ಮುಗಿಸಿದಾಗ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ಹಬ್ಬದ ದಿನ, ಓವನ್ನಿನ ಮುಂದೆ

ಸುನಂದ ಬೆಳಿಗ್ಗೆಯೇ ಡ್ಯೂಟಿಗೆ ಹೋಗಿದ್ದಳು. ಅಲ್ಲಿನವರು ಹಬ್ಬಕ್ಕೆ ಮನೆಯಲ್ಲಿರಲಿ ಎಂದು ನಮ್ಮ ಕಡೆಯ ನರ್ಸುಗಳೇ ಆ ದಿನ ಕೆಲಸ ಹಾಕಿಕೊಳ್ಳುತ್ತಾರೆ. ಹೋಗುವಾಗ, "ಹೆದರಬೇಡ ಅಕ್ಕ, ನೋರಾ ಇದಾರಲ್ಲ" ಎಂದು ಹೇಳಿ ಹೋಗಿದ್ದಳು.

ನೋರಾ ಫ್ರಿಜ್ಜು ತೆಗೆದು ಹಳದಿ ಕೋಳಿಯನ್ನು ಬಹಳ ಹೊತ್ತು ನೋಡಿದರು. "ಇದು ಬೆಂದೇ ಹೋದ ಹಾಗೆ ಕಾಣ್ತಿದೆಯಲ್ಲ," ಎಂದರು. ನಮ್ಮಲ್ಲಿ ಶುಭ ಎಂದೆ. ಅವರು ಒಳ್ಳೆಯವರಾದ್ದರಿಂದ ಶುಭವಾಗಲಿ ಎಂದು ಓವನ್ ಹಚ್ಚಲು ಹೇಳಿದರು.

ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಎದೆಯ ಮೇಲೆ ಅಲ್ಯುಮಿನಿಯಂ ಹಾಳೆ ಹೊದಿಸಿದೆವು, ಅದು ಕಾಲಿಗಿಂತ ಬೇಗ ಬೇಯುತ್ತದೆ ಎಂದು. ಆಲೂಗಡ್ಡೆ ಹಾಕಿದೆವು. ಮನೆಯೆಲ್ಲ ಬೆಣ್ಣೆ ಕಾಯುವ ವಾಸನೆ ತುಂಬಿತು. ಹೊತ್ತಾದ ಮೇಲೆ ಬಾಗಿಲು ತೆಗೆಯಲು ಹೇಳಿ, ನೋರಾ ಎಡಗೈಯಲ್ಲಿ ಕಂಬಿ ಹಿಡಿದು ತೊಡೆಯ ದಪ್ಪನೆಯ ಜಾಗಕ್ಕೆ ಚುಚ್ಚಿದರು. ಅವರ ಅಮ್ಮನ ಕಾಲದಿಂದಲೂ ಪರೀಕ್ಷೆ ಅದೇ ಅಂತೆ. ಒಳಗಿನಿಂದ ಬರುವ ರಸ ಕೆಂಪಾಗಿದ್ದರೆ ಬೆಂದಿಲ್ಲ, ನೀರಿನ ಹಾಗೆ ತಿಳಿಯಾಗಿದ್ದರೆ ಬೆಂದಿದೆ.

ರಸ ಬಂತು. ಹಳದಿ.

ಇನ್ನೊಂದು ಕಡೆ ಚುಚ್ಚಿದರು. ಹಳದಿ. ಎದೆಗೆ ಚುಚ್ಚಿದರೂ ಅದೇ ಮಧುಗಿರಿ ಅರಿಶಿನ. ಅದರ ಅಡಿಯಲ್ಲಿ ಕೆಂಪಿದೆಯೋ ತಿಳಿಯಿದೆಯೋ ದೇವರಿಗೇ ಗೊತ್ತು. ನೋರಾ ಕಂಬಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಲವತ್ತು ವರ್ಷ ಟರ್ಕಿ ಮಾಡಿದ ಹೆಂಗಸಿನ ಕಣ್ಣಿನಲ್ಲಿ ಮೊದಲ ಸಲ ನನ್ನಂಥದ್ದೇ ಭಯ ಕಂಡಿತು.

"ನನಗೆ ಗೊತ್ತಾಗ್ತಿಲ್ಲ, ಜಯಾ."

"ಥರ್ಮಾಮೀಟರ್ ಇದೆಯಾ?" ಎಂದೆ.

ಅವರಲ್ಲಿದ್ದದ್ದು ಟಾಮ್‌ಗೆ ಜ್ವರ ನೋಡುವುದು ಮಾತ್ರ. ಅದು ನಲವತ್ತೆರಡರ ಮೇಲೆ ಹೋಗುವುದಿಲ್ಲ. ನಮಗೆ ಬೇಕಾದದ್ದು ಎಪ್ಪತ್ತನಾಲ್ಕು ಡಿಗ್ರಿ, ಅಷ್ಟು ಬಿಸಿ ಒಳಗಿನ ತನಕ ತಲುಪಿದರೆ ಕ್ರಿಮಿ ಉಳಿಯುವುದಿಲ್ಲ ಎಂದು ಸುನಂದ ಹೇಳಿದ್ದಳು. ಕೊರಟಗೆರೆಯ ನನ್ನ ಲ್ಯಾಬಿನ ಗಾಜಿನ ಬೀರು ಕಣ್ಣೆದುರು ಬಂತು. ನೂರಾ ಹತ್ತರ ತನಕ ತೋರಿಸುವ ಥರ್ಮಾಮೀಟರುಗಳು ಅದರ ತುಂಬ. ಮಕ್ಕಳು ಒಡೆಯುತ್ತಾರೆ ಎಂದು ಬೀಗ ಹಾಕಿ ಇಡುತ್ತಿದ್ದೆ. ಈಗ ಒಂದೇ ಒಂದು ಸಿಕ್ಕಿದರೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

ಕೊಳ್ಳೋಣ ಎಂದರೆ ಆ ದೇಶದಲ್ಲಿ ಕ್ರಿಸ್‌ಮಸ್ ದಿನ ಒಂದು ಅಂಗಡಿಯೂ ತೆಗೆದಿರುವುದಿಲ್ಲ. ಬಸ್ಸೂ ಇಲ್ಲ. ಕಿಟಕಿಯಾಚೆ ರಸ್ತೆ ನಮ್ಮ ಕಡೆಯ ಬಂದ್ ದಿನದ ಹಾಗೆ ಬಿದ್ದಿತ್ತು. ಸುನಂದಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಓಬಳೇಶ ಹೊಸ ಅಂಗಿ ಹಾಕಿಕೊಂಡು ಊಟಕ್ಕೆಂದು ಆಗತಾನೇ ಬಂದ. ವಿಷಯ ಕೇಳಿ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಉಂಡಂಡಿ ಅತ್ತಿಗೆ, ತಡೀರಿ. ನಮ್ ಆಶ್ರಮದ ಕಿಚನ್‌ನಾಗೆ ಐತೆ. ಮುದುಕ್ರಿಗೆ ಏನೇ ಬಡ್ಸಿದ್ರೂ ಮೊದ್ಲು ಒಂದ್ ಕಡ್ಡಿ ಚುಚ್ಚಿ ಎಷ್ಟ್ ಬಿಸಿ ಐತೆ ಅಂತ ನೋಡೇ ಬಡ್ಸೋದು. ಕೇಳ್ಕೊಂಡು ತರ್ತೀನಿ."

ಅವನು ಕಾರು ತೆಗೆದುಕೊಂಡು ಹೋದ. ನಾವಿಬ್ಬರು ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ. ಬೆಂದಿದ್ದು ಸಾಕು, ಇನ್ನೂ ಬಿಟ್ಟರೆ ಹತ್ತಿಯಾಗುತ್ತದೆ, ಹೊರಗೆ ತೆಗಿ ಎಂದು ನೋರಾ. ಒಳಗೆ ಹಸಿ ಇದ್ದರೆ ಎಂದು ನಾನು. ಹಾಗಾದರೆ ಇರಲಿ ಬಿಡು ಎಂದು ಅವರು ಸೋತರೆ, ಒಣಗಿ ಹೋದರೆ ಎಂದು ಮತ್ತೆ ನಾನೇ. ತೊಡೆಯ ಮೂಳೆ ತಿರುಗಿಸಿ ನೋಡುವುದು ನನಗೆ ಗೊತ್ತಿದ್ದ ಒಂದೇ ಪರೀಕ್ಷೆ. ಸಾರಿನ ಕೋಳಿಯಲ್ಲಿ ಮೂಳೆ ಕೈಗೆ ಬಂದರೆ ಬೆಂದಿತು ಎಂದು ಲೆಕ್ಕ. ಅಷ್ಟರವರೆಗೆ ಕಾದರೆ ಈ ಕೋಳಿಯ ಎದೆಯನ್ನು ಟಾಮ್ ಇರಲಿ, ನಾನೂ ನುಂಗಲಾರೆ.

ನಡುವೆ ಟಾಮ್ ಒಮ್ಮೆ ಬಾಗಿಲಿಗೆ ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ ಕುತ್ತಿಗೆಯ ಸುತ್ತ ದೊಗಳೆಯಾಗಿತ್ತು. ಹೇಗೆ ನಡೆಯುತ್ತಿದೆ ಎಂದು ಕೈಸನ್ನೆಯಲ್ಲಿ ಕೇಳಿದರು.

"ಗ್ರ್ಯಾಂಡ್," ಎಂದೆವು ಇಬ್ಬರೂ ಒಟ್ಟಿಗೆ.

ಓಬಳೇಶ ಕಡ್ಡಿ ತಂದ. ತೊಳೆದು ಒರೆಸಿ, ಮೂಳೆಗೆ ತಗುಲದ ಹಾಗೆ, ಎದೆಯ ದಪ್ಪ ಜಾಗಕ್ಕೆ ಚುಚ್ಚಿದೆ. ಅಂಕಿ ಏರುತ್ತ ಏರುತ್ತ ಎಪ್ಪತ್ತನಾಲ್ಕಕ್ಕೆ ಬಂದು, ಎಪ್ಪತ್ತೈದರಲ್ಲಿ ನಿಂತಿತು. ನೋರಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಾನು ತೊಡೆಗೆ ಚುಚ್ಚಿದೆ. ಅರವತ್ತಾರು.

ಎದೆ ಆಗಿದೆ, ತೊಡೆ ಆಗಿಲ್ಲ. ಎದೆ ಇನ್ನೂ ಒಳಗಿದ್ದರೆ ಒಣಗುತ್ತದೆ. ತೊಡೆ ಈಗ ಹೊರಗೆ ಬಂದರೆ ಹಸಿ. ಆಗ ನನ್ನ ಕೈಗೆ ತಾನಾಗಿ ಹೊಳೆದದ್ದು, ನಮ್ಮ ಮನೆಯಲ್ಲಿ ಯಾರೂ ಕೋಳಿಯನ್ನು ಇಡಿಯಾಗಿ ಬೇಯಿಸುವುದೇ ಇಲ್ಲವಲ್ಲ ಎಂಬುದು. ಟ್ರೇ ಹೊರಗೆಳೆದು ಕತ್ತಿ ಎತ್ತಿಕೊಂಡೆ.

"ಏನ್ ಮಾಡ್ತಿದ್ದೀಯ?"

"ಕಾಲು ಬೇರೆ ಮಾಡ್ತೀನಿ. ಕಾಲು ವಾಪಸು ಒಳಗೆ. ಎದೆ ಇಲ್ಲೇ ಇರಲಿ."

"ಬೇಡ ಬೇಡ! ಟರ್ಕಿ ಮೇಜಿನ ಮೇಲೆ ಇಡಿಯಾಗಿ ಬರಬೇಕು. ಟಾಮ್ ಪ್ರತಿ ವರ್ಷ ಎಲ್ಲರೆದುರಿಗೆ ತಾನೇ ಕೊಯ್ಯುವುದು. ಅವನಿಗೆ ಹಬ್ಬ ಅಂದ್ರೆ ಅದೇ."

"ನಿಮಗೆ ಇಡೀ ಕೋಳಿ ಬೇಕೋ, ಟಾಮ್ ಬೇಕೋ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇನ್ನೊಬ್ಬರ ಮನೆ, ಇನ್ನೊಬ್ಬರ ಹಬ್ಬ, ಕೈ ಮುರಿದುಕೊಂಡ ಹಿರಿಯ ಹೆಂಗಸು. ಓಬಳೇಶ ಗೋಡೆ ನೋಡತೊಡಗಿದ. ನೋರಾ ಕಣ್ಣುಗಳು ತುಂಬಿಕೊಂಡವು. ಆಮೇಲೆ ಅವರು ಒಂದೇ ಕೈಯಲ್ಲಿ, ಬಟ್ಟೆ ಸುತ್ತಿ, ಟ್ರೇಯ ಅಂಚನ್ನು ಅಲುಗದಂತೆ ಹಿಡಿದುಕೊಂಡು, "ಕೊಯ್ಯಿ" ಎಂದರು.

ಕೀಲು ಹುಡುಕಿ ಎರಡೂ ಕಾಲು ಬಿಡಿಸಿ ಓವನ್ನಿಗೆ ತಳ್ಳಿದೆ. ಎದೆಯ ಮೇಲೆ ಹಾಳೆ ಹೊದಿಸಿದೆ. ಬೆಂದ ಮಾಂಸ ಅರ್ಧ ಗಂಟೆಯಾದರೂ ಸುಮ್ಮನೆ ಕೂರಬೇಕು, ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಗೆ ಹರಿಯುತ್ತದೆ ಎಂದು ನೋರಾ ಮೂಗೊರೆಸಿಕೊಳ್ಳುತ್ತಲೇ ಹೇಳಿದರು. ನಮ್ಮಲ್ಲಿ ಸಾರು ಇಳಿಸಿದರೆ ತಟ್ಟೆಗೇ ಬೀಳುವುದು. ಆ ಅರ್ಧ ಗಂಟೆ ಎಷ್ಟು ಉದ್ದವಿತ್ತು ಎಂದು ನನಗೆ ಗೊತ್ತು. ತೊಡೆಯಲ್ಲೂ ಎಪ್ಪತ್ತನಾಲ್ಕು ದಾಟಿ ಕಡ್ಡಿ ನಿಂತಾಗ ಓಬಳೇಶ ಅದನ್ನು ಹೊರಗೆ ತೆಗೆದು, "ಬತಿಕಿಪೋಯಾಮು" ಎಂದ. ಬದುಕಿಕೊಂಡೆವು ಎಂದರ್ಥ.

ಊಟದ ಮೇಜು

ಅಲ್ಲಿ ಹಬ್ಬದೂಟಕ್ಕೆ ಕೂತವರೆಲ್ಲ ಬಣ್ಣದ ಕಾಗದದ ಕಿರೀಟ ಹಾಕಿಕೊಳ್ಳಬೇಕು. ನನ್ನದು ಹಸಿರು, ಓಬಳೇಶನದು ನೇರಳೆ. ಟಾಮ್ ಕಿರೀಟ ಜಾರಿ ಹುಬ್ಬಿನ ಮೇಲೆ ಕೂತಿತ್ತು. ನಾನು ಎದೆಯನ್ನೂ ಕಾಲುಗಳನ್ನೂ ತಟ್ಟೆಯಲ್ಲಿ ಆದಷ್ಟು ಕೋಳಿಯ ಆಕಾರಕ್ಕೆ ಜೋಡಿಸಿ ತಂದಿಟ್ಟೆ. ಅವರು ಕತ್ತಿ ಹಿಡಿದು ಬಗ್ಗಿ ನೋಡಿದರು. ಕಾಲು ಬಿಟ್ಟಿರುವುದೂ ಕಂಡಿರಬೇಕು, ಹಳದಿಯೂ ಕಂಡಿರಬೇಕು. ಏನೂ ಹೇಳದೆ ಎದೆಯನ್ನು ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ದರು. ಕೊಯ್ದ ಕಡೆ ಒದ್ದೆಯಾಗಿ ಹೊಳೆಯಿತು. ನೋರಾ ಟ್ರೇಯಲ್ಲಿ ಉಳಿದ ರಸವನ್ನು ಕಾಯಿಸಿ ಅದರ ಮೇಲೆ ಹೊಯ್ದರು.

ಟಾಮ್ ಒಂದು ಚೂರು ಬಾಯಿಗಿಟ್ಟರು. ಅಗಿದರು. ನಾವು ಮೂವರೂ ನೋಡಬಾರದು ಎಂದು ನೋಡದೆ ಕೂತೆವು. ಓಬಳೇಶ ಆಲೂಗಡ್ಡೆಯ ಬಗ್ಗೆ ಏನೋ ಹೇಳತೊಡಗಿ ನಡುವೆಯೇ ನಿಲ್ಲಿಸಿದ. ಅವರು ಅಗಿಯುತ್ತಲೇ ಇದ್ದರು. ಕುತ್ತಿಗೆಯ ನರ ಏರಿಳಿಯಿತು. ನೀರಿನ ಲೋಟಕ್ಕೆ ಕೈ ಚಾಚಿದರು.

ಇಳಿಯಿತು. ಟಾಮ್ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಗ್ರ್ಯಾಂಡ್."

ಇನ್ನೆರಡು ಚೂರು ತಿಂದು ಫೋರ್ಕು ಕೆಳಗಿಟ್ಟರು. ನೋರಾ ನನ್ನ ಕೈ ಅದುಮಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನಗೆ ಆ ಪದದ ಮೇಲೆ ನಂಬಿಕೆಯೇ ಹೊರಟುಹೋಗಿತ್ತು. ಮಳೆಗೂ, ಮುರಿದ ಕೈಗೂ, ಗಂಟಲಿನ ಕಾಯಿಲೆಗೂ ಅದನ್ನೇ ಹೇಳುವವರು. ಚೆನ್ನಾಗಿತ್ತೋ, ದೂರದಿಂದ ಬಂದ ಹೆಂಗಸಿನ ಮನಸ್ಸು ನೋಯಿಸಬಾರದು ಎಂದು ಕಷ್ಟಪಟ್ಟು ನುಂಗಿದರೋ, ಹೇಗೆ ತಿಳಿಯುವುದು? ನಮ್ಮೂರಿನವರಾಗಿದ್ದರೆ ಉಪ್ಪು ಕಡಿಮೆ, ಖಾರ ಇಲ್ಲ, ಚಪ್ಪೆ ಎಂದು ಮುಖದ ಮೇಲೆ ಹೇಳಿ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಅದರಲ್ಲಿ ಒಂದು ನೆಮ್ಮದಿಯಿದೆ.

ಎಲ್ಲರೂ ಟಿವಿ ಮುಂದೆ ಕೂತಾಗ ನಾನು ಉಳಿದ ಮಾಂಸವನ್ನೆಲ್ಲ ಮೂಳೆಯಿಂದ ಬಿಡಿಸಿ, ಬೇಗ ತಣ್ಣಗಾಗಲಿ ಎಂದು ಅಗಲವಾದ ಡಬ್ಬಿಗಳಲ್ಲಿ ಹರವಿ ಫ್ರಿಜ್ಜಿಗೆ ಇಟ್ಟೆ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂದು ಸುನಂದ ಕಟ್ಟಪ್ಪಣೆ ಮಾಡಿದ್ದಳು.

ಮೂರನೆಯ ಬೆಳಿಗ್ಗೆ

ಡ್ಯೂಟಿ ಮುಗಿಸಿ ಬಂದ ಸುನಂದ ಎಲ್ಲ ಕೇಳಿ, ನಕ್ಕು, ನನ್ನನ್ನು ತಬ್ಬಿಕೊಂಡಳು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇನ್ನು ಭಯವಿಲ್ಲವಲ್ಲ ಎಂದು ನಾನು ಕೇಳಬಾರದಿತ್ತು.

"ಅಂಗೆಲ್ಲ ಅವತ್ತೇ ಗೊತ್ತಾಗಲ್ಲ ಅಕ್ಕ. ಹೊಟ್ಟೆ ಕೆಡೋದಾದ್ರೆ ಒಂದೆರಡು ದಿನ ಬಿಟ್ಟೂ ಕೆಡಬೋದು," ಎಂದು ನಿದ್ದೆಗಣ್ಣಿನಲ್ಲಿ ಹೇಳಿ ಮಲಗಿಬಿಟ್ಟಳು.

ಆಮೇಲೆ ನಾನು ಮಾಡಿದ ಪ್ರವಾಸವೆಲ್ಲ ನಮ್ಮ ಕಿಟಕಿಯಿಂದ ನೋರಾ ಮನೆಯ ಕಿಟಕಿಗೆ. ಮಾರನೇ ದಿನ ಸಮುದ್ರ ನೋಡಲು ಹೋಗೋಣ ಎಂದು ಓಬಳೇಶ ಕರೆದ. ತಲೆನೋವು ಎಂದು ಸುಳ್ಳು ಹೇಳಿ ಉಳಿದೆ. ಟಾಮ್ ಕಸದ ಡಬ್ಬಿ ಇಡಲು ಹೊರಗೆ ಬಂದಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಾರೆಯೇ ಎಂದು ನೋಡಿದೆ. ಇಟ್ಟುಕೊಂಡಿರಲಿಲ್ಲ. ಕೋಟಿನ ಜೇಬಿನಲ್ಲಿತ್ತು. ಜೇಬು ಹೊಟ್ಟೆಯ ಹತ್ತಿರವೇ ಇತ್ತಲ್ಲ ಎಂದು ಸಂಜೆಯವರೆಗೆ ಯೋಚಿಸಿದೆ.

ಅದರ ಮರುದಿನ ಬೆಳಿಗ್ಗೆ ಅವರ ಅಡುಗೆಮನೆಯ ಪರದೆ ತೆಗೆದಿರಲಿಲ್ಲ. ನೋರಾ ಬೆಳಕು ಹರಿಯುವ ಮುನ್ನವೇ ಪರದೆ ಸರಿಸಿ ಚಹಾ ಇಡುವವರು. ಸ್ವಲ್ಪ ಹೊತ್ತು ಕಾದೆ. ದೀಪವೂ ಇಲ್ಲ. ಪರದೆಯ ಸಂದಿಯಲ್ಲಿ ಏನೋ ಮಂಕು ಬೆಳಕು ಮಾತ್ರ ಕಂಡಿತು. ನನ್ನ ಕಣ್ಣಿನ ಮುಂದೆ ಆಂಬುಲೆನ್ಸು, ಆಸ್ಪತ್ರೆ, ಸುನಂದಳ ತಗ್ಗಿದ ತಲೆ ಎಲ್ಲ ಒಟ್ಟಿಗೆ ಬಂದವು. ಓಬಳೇಶನ ಬೂಟಿನಲ್ಲೇ ಕಾಲು ತುರುಕಿ, ನೈಟಿಯ ಮೇಲೆ ಶಾಲು ಸುತ್ತಿಕೊಂಡು, ಮಂಜುಗಡ್ಡೆಯ ಮೆಟ್ಟಿಲ ಮೇಲೆ ಗೋಡೆ ಹಿಡಿದುಕೊಂಡು ಹೋದೆ. ಅವರು ಹಿತ್ತಲ ಬಾಗಿಲಿಗೆ ಎಂದೂ ಬೀಗ ಹಾಕುವುದಿಲ್ಲ. ಆ ಅಭ್ಯಾಸವನ್ನು ಅಲ್ಲಿಯವರೆಗೆ ಟೀಕಿಸಿದ್ದವಳು ಅಂದು ಅದಕ್ಕೆ ಕೈಮುಗಿದೆ.

ಬಾಗಿಲು ತಳ್ಳಿದೆ. ಬೆಳಕು ಬರುತ್ತಿದ್ದದ್ದು ತೆರೆದ ಫ್ರಿಜ್ಜಿನಿಂದ. ಅದರ ಮುಂದೆ ಪೈಜಾಮದಲ್ಲಿ ಟಾಮ್ ನಿಂತಿದ್ದರು. ಎಡಗೈಯಲ್ಲಿ ನಾನು ತುಂಬಿಟ್ಟಿದ್ದ ಡಬ್ಬಿ. ಬಲಗೈಯ ಬೆರಳುಗಳು ಅರಿಶಿನ ಹತ್ತಿ ಹಳದಿಯಾಗಿದ್ದವು.

ಹಾಲಿನ ಪಾತ್ರೆಗೆ ಬಾಯಿ ಹಾಕಿ ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಬೆಚ್ಚಿದರು. ನಾನೆಂದು ತಿಳಿದ ಮೇಲೆ ತುಟಿಯ ಮೇಲೆ ಬೆರಳಿಟ್ಟು, ಮಹಡಿಯ ಕಡೆ ತೋರಿಸಿ, ಕೈಯನ್ನು ಕೆನ್ನೆಗಿಟ್ಟು ತಲೆ ವಾಲಿಸಿದರು. ಕೈನೋವಿನಿಂದ ಇಷ್ಟು ದಿನ ನಿದ್ದೆಯಿಲ್ಲದ ನೋರಾ ಇನ್ನೂ ಮಲಗಿದ್ದಾರೆ, ಎಬ್ಬಿಸಬೇಡ ಎಂದು.

ಡಬ್ಬಿಯಲ್ಲಿ ಅರ್ಧ ಖಾಲಿ. ಎದೆಯ ಮಾಂಸ, ತಣ್ಣಗಿನದು, ಮೇಲೆ ರಸ ಹೊಯ್ದಿರಲಿಲ್ಲ. ಪಕ್ಕದಲ್ಲಿ ನೀರಿನ ಲೋಟವಿತ್ತು, ತುಂಬಿದ್ದು ತುಂಬಿದ ಹಾಗೇ. ರಸ ಬಿಸಿ ಮಾಡಿಕೊಡಲೇ ಎಂದು ಪಿಸುಮಾತಿನಲ್ಲಿ ಕೇಳಿದೆ. ಬೇಡವೆಂದು ತಲೆ ಅಲ್ಲಾಡಿಸಿದರು. ನನ್ನ ಕಣ್ಣಿನಲ್ಲಿ ನೀರು ಬಂದದ್ದು ಚಳಿಗೆ ಎಂದುಕೊಂಡರೋ ಏನೋ, ಡಬ್ಬಿಯನ್ನು ನನ್ನ ಕಡೆ ಚಾಚಿದರು. ನಾನೂ ಒಂದು ಚೂರು ತೆಗೆದುಕೊಂಡೆ. ಫ್ರಿಜ್ಜಿನ ಮಾಂಸ, ಸಾರಿಲ್ಲ, ಮುದ್ದೆಯಿಲ್ಲ. ಇಬ್ಬರೂ ಅಲ್ಲೇ ನಿಂತು ಕಳ್ಳರ ಹಾಗೆ ತಿಂದೆವು.

ಬಾಯಿ ತುಂಬ ಇದ್ದುದರಿಂದ ಟಾಮ್ ಅವತ್ತು ಗ್ರ್ಯಾಂಡ್ ಅನ್ನಲಿಲ್ಲ.